ದುಡಿಮೆ ನಿಂತ ದಿನಗಳ ಕೂಲಿ: ಕೊಯಮತ್ತೂರು, ತಿರುಪ್ಪೂರು ಸೀಮೆಯ ಚರಿತ್ರೆಯ ಒಂದು ಮಗ್ಗುಲು

ಕೊಯಮತ್ತೂರಿನ ಗಿರಣಿಗಳ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಅವರು ಕೊಯಮತ್ತೂರು ಸ್ಪಿನ್ನಿಂಗ್ ಅಂಡ್ ವೀವಿಂಗ್ ಗಿರಣಿಯನ್ನು ಸ್ಥಾಪಿಸಿದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಳೀಶ್ವರ, ಲಕ್ಷ್ಮಿ ಮೊದಲಾದ ಗಿರಣಿಗಳು ಎದ್ದದ್ದು, 1930ರ ದಶಕದಲ್ಲಿ ಪೈಕಾರಾದ ಜಲವಿದ್ಯುತ್ತು ನೀಲಗಿರಿಯಿಂದ ಇಳಿದು ಬಂದು ಊರಿನ ಸುತ್ತಲೂ ಚಿಮಣಿಗಳ ತೋಪನ್ನೇ ಬೆಳೆಸಿದ್ದು, ಇವೆಲ್ಲ ನಮ್ಮಲ್ಲಿ ಬಹುಮಂದಿಗೆ ತಿಳಿದ ಸಂಗತಿಗಳು. ಗಿರಣಿ ಯಾರದು, ಕದಿರುಗಳೆಷ್ಟು, ಮುಷ್ಕರ ಯಾವಾಗ ಎಂಬ ವಿವರಗಳೂ ದೊರೆಯುತ್ತವೆ. ಆದರೆ ಆ ಕದಿರಿನ ಮುಂದೆ ನಿಂತವನು ಜ್ವರದಿಂದ ಮಲಗಿದಾಗ, ಅವನ ಬೆರಳು ಯಂತ್ರಕ್ಕೆ ಸಿಕ್ಕಾಗ, ಎದೆಯಲ್ಲಿ ಕ್ಷಯ ಕಾಣಿಸಿಕೊಂಡಾಗ ಅವನ ಮನೆಯ ಒಲೆ ಹೇಗೆ ಉರಿಯಿತು, ಗುಣಮುಖನಾದ ಮೇಲೆ ಗಿರಣಿಯ ಬಾಗಿಲು ಅವನಿಗೆ ಮತ್ತೆ ತೆರೆಯಿತೇ ಎಂಬ ಪ್ರಶ್ನೆಗಳಿಗೆ ಅಷ್ಟು ಸುಲಭವಾಗಿ ಉತ್ತರ ಸಿಗುವುದಿಲ್ಲ. ಆ ಉತ್ತರದ ಕೆಲವು ಎಳೆಗಳನ್ನು ಜೋಡಿಸುವುದು ಈ ಲೇಖನದ ಉದ್ದೇಶ.

ಈ ವಿಷಯ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಏಕೆ ಎಂದು ಯಾರಾದರೂ ಕೇಳಬಹುದು. ಈ ಸೀಮೆಯಲ್ಲಿ ಕನ್ನಡದ ನೆಲೆ ಬಹುಪಾಲು ದುಡಿಯುವವರ ಮನೆಗಳಲ್ಲಿಯೇ ಉಳಿದು ಬಂದಿದೆ ಎಂಬುದೇ ಅದಕ್ಕೆ ಉತ್ತರ. ಕೊಯಮತ್ತೂರು ನಗರದ ದೇವಾಂಗಪೇಟೆ, ಮೇಟುಪಾಳ್ಯದ ಬಳಿಯ ಸಿರುಮುಗೈ, ಪೊಳ್ಳಾಚಿ ಕಡೆಯ ನೆಗಮಂ ಮುಂತಾದೆಡೆ ಚೌಡೇಶ್ವರಿಯನ್ನು ಕುಲದೇವತೆಯಾಗಿ ಪೂಜಿಸುವ ದೇವಾಂಗ ನೇಕಾರರ ಮನೆಮಾತು ತಲೆಮಾರುಗಳಿಂದ ಕನ್ನಡವೇ. ಒಕ್ಕಲಿಗ ಮನೆತನಗಳೂ ಬಯಲಿನ ಹಳ್ಳಿಗಳಲ್ಲಿ ಇವೆ. ಮನೆಯಲ್ಲಿ ಕನ್ನಡ, ಕಾಗದದಲ್ಲಿ ತಮಿಳು ಎಂಬ ಸ್ಥಿತಿ ಇವರದು. ಅದೂ ಅಲ್ಲದೆ, ಇಂದು ನಾವು ಮರೆತೇಬಿಟ್ಟಿರುವ ಒಂದು ಸಂಗತಿಯಿದೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮಲೆ ಮಹದೇಶ್ವರನ ಬೆಟ್ಟದ ಒಕ್ಕಲು, ಕೊಳ್ಳೇಗಾಲದ ರೇಷ್ಮೆ ನೇಕಾರ, ಇವರೆಲ್ಲ ಕಾನೂನಿನ ಕಣ್ಣಿನಲ್ಲಿ ಕೊಯಮತ್ತೂರು ಜಿಲ್ಲೆಯ ಪ್ರಜೆಗಳು. ಆದ್ದರಿಂದ ಕೊಯಮತ್ತೂರಿನ ದುಡಿಮೆಯ ಚರಿತ್ರೆಯಲ್ಲಿ ಕನ್ನಡಿಗರದೂ ಒಂದು ಪಾಲಿದೆ.

ಮೊದಲು ಮಗ್ಗದ ಮನೆಯನ್ನು ನೋಡೋಣ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆಯಿಂದ ಇತ್ತ ಬಂದು ಕೊಯಮತ್ತೂರಿನ ನೇಕಾರರ ಬಗ್ಗೆ ಬರೆದಿಟ್ಟಿದ್ದಾನೆ. ಮುಂಗಡ ಪಡೆದು ನೇಯುವ ಪದ್ಧತಿ ಆಗಲೇ ಬೇರೂರಿತ್ತು. ಮುಂಗಡವೆಂದರೆ ಇನ್ನೂ ನೇಯದ ಬಟ್ಟೆಯ ಮೇಲಿನ ಸಾಲ. ನೇಕಾರ ಹಾಸಿಗೆ ಹಿಡಿದರೆ ಬಟ್ಟೆ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಇದು ಆ ವ್ಯವಸ್ಥೆಯ ಕ್ರೂರ ಮುಖ. ಆದರೆ ಅದಕ್ಕೆ ಇನ್ನೊಂದು ಮುಖವೂ ಇತ್ತು. ಕುಣಿಮಗ್ಗದ ಮನೆಯಲ್ಲಿ ಕೆಲಸ ಒಂದೇ ಬಗೆಯದಲ್ಲ. ಹಾಸು ಹೂಡುವುದು, ಗಂಜಿ ಹಚ್ಚುವುದು, ಎಳೆ ಕೂಡಿಸುವುದು, ಕಂಡಿಕೆ ಸುತ್ತುವುದು, ಕೊನೆಗೆ ಲಾಳಿ ಎಸೆದು ನೇಯುವುದು, ಹೀಗೆ ಬಲಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕೆಲಸಗಳಿರುತ್ತವೆ. ಜ್ವರ ಬಿಟ್ಟು ಎದ್ದವನು ಮೊದಲ ವಾರ ಕಂಡಿಕೆ ಸುತ್ತುತ್ತ ಕೂರಬಹುದು. ಮುಂದಿನ ವಾರ ಎಳೆ ಕೂಡಿಸಬಹುದು. ಕಾಲಿಗೆ ಶಕ್ತಿ ಬಂದಮೇಲೆ ಕುಣಿಗೆ ಇಳಿಯಬಹುದು. ಕಣ್ಣು ಮಂಜಾದ ಅಜ್ಜಿಯೂ ರಾಟೆಯ ಮುಂದೆ ಕೂತಿರುತ್ತಿದ್ದಳು. ಕಾಯಿಲೆಯವನು ಯಾರು, ಕೆಲಸಗಾರ ಯಾರು ಎಂಬ ಗೆರೆಯೇ ಅಲ್ಲಿರಲಿಲ್ಲ. ಇದನ್ನು ಹಾಡಿ ಹೊಗಳಬೇಕಾಗಿಲ್ಲ. ಗೆರೆ ಇಲ್ಲದಿರುವುದರಿಂದಲೇ ವಿಶ್ರಾಂತಿಯೂ ಇರಲಿಲ್ಲ, ಮತ್ತು ಒಬ್ಬನ ಕಾಯಿಲೆಯ ಭಾರ ಹೆಂಡತಿಯ, ಮಕ್ಕಳ ಬೆನ್ನಿಗೆ ಬೀಳುತ್ತಿತ್ತು. ಆದರೂ ಗುಣವಾಗುತ್ತಿರುವವನಿಗೆ ಅವನ ಶಕ್ತಿಗೆ ತಕ್ಕ ಕೆಲಸ ಎಂಬ ಏರ್ಪಾಡು ಈ ಸೀಮೆಯಲ್ಲಿ ಎಲ್ಲಾದರೂ ಇದ್ದದ್ದಾದರೆ ಅದು ಮಗ್ಗದ ಮನೆಯಲ್ಲೇ ಎನ್ನಬೇಕು.

ಗಿರಣಿ ಆ ಗೆರೆಯನ್ನು ಎಳೆಯಿತು. ಗಿರಣಿಯ ಬಾಗಿಲೊಳಗೆ ಇರುವವನು ಕೆಲಸಗಾರ, ಹೊರಗೆ ಉಳಿದವನು ಯಾರೂ ಅಲ್ಲ. ಯಂತ್ರದ ಮುಂದೆ ಪೂರ್ತಿ ಪಾಳಿ ನಿಲ್ಲಬಲ್ಲವನಿಗೆ ಮಾತ್ರ ಜಾಗ. ಅರ್ಧ ಬಲದವನಿಗೆ ಕಂಡಿಕೆ ಸುತ್ತುವ ಮೂಲೆ ಅಲ್ಲಿಲ್ಲ. ನಗರದ ಎಷ್ಟೋ ನೇಕಾರ ಮಕ್ಕಳು ಮಗ್ಗ ಬಿಟ್ಟು ಗಿರಣಿ ಸೇರಿದರು. ತಿಂಗಳ ಸಂಬಳದ ಭರವಸೆ ದೊಡ್ಡದು. ಆದರೆ ಮನೆ ಕೊಡುತ್ತಿದ್ದ ಆ ಒಂದು ಆಸರೆಯನ್ನು ಅವರು ಹೊಸ್ತಿಲಲ್ಲೇ ಬಿಟ್ಟುಬರಬೇಕಾಯಿತು.

ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾಯಿಲೆಗೂ 1884ರಲ್ಲಿ ಅಪಘಾತಕ್ಕೂ ವಿಮೆಯನ್ನು ಕಡ್ಡಾಯ ಮಾಡಿದ್ದನು. ಬ್ರಿಟನ್ನಿನಲ್ಲಿ ಅಪಘಾತ ಪರಿಹಾರದ ಕಾನೂನು 1897ರಲ್ಲಿ, ರಾಷ್ಟ್ರೀಯ ವಿಮೆ 1911ರಲ್ಲಿ ಬಂದವು. ಅದೇ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ನಮ್ಮ ಗಿರಣಿ ಕಾರ್ಮಿಕನಿಗೆ ಮೊದಲ ಕಾನೂನು ಒದಗಿದ್ದು 1923ರ ಕಾರ್ಮಿಕರ ಪರಿಹಾರ ಅಧಿನಿಯಮದಿಂದ. ಅದು ಜಾರಿಗೆ ಬಂದದ್ದು 1924ರ ಜುಲೈ 1ರಂದು. ಈ ಕಾನೂನಿನ ಹಿಂದೆ ಇರುವ ಲೆಕ್ಕಾಚಾರವನ್ನು ನಮ್ಮ ಕಾಲದವರು ಒಮ್ಮೆ ನೋಡಬೇಕು. ದೇಹದ ಒಂದೊಂದು ಅಂಗಕ್ಕೂ ಅದು ಬೆಲೆ ಕಟ್ಟುತ್ತದೆ, ಹಣದಲ್ಲಿ ಅಲ್ಲ, ಗಳಿಸುವ ಶಕ್ತಿಯ ನಷ್ಟದ ಶೇಕಡಾವಾರಿನಲ್ಲಿ. ಇಂದಿನ ಪಟ್ಟಿಯ ಪ್ರಕಾರ ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ ಶೇ. 12, ಉಂಗುರದ ಬೆರಳಿಗೋ ಕಿರುಬೆರಳಿಗೋ ಶೇ. 7. ಒಂದು ಕೈಯ ನಾಲ್ಕೂ ಬೆರಳುಗಳಿಗೆ ಶೇ. 50. ಎರಡೂ ಕೈಗಳು ಹೋದರೆ ಶೇ. 100. ಓದಲು ನಿರ್ದಯವೆನಿಸುವ ಈ ಪಟ್ಟಿ ಒಂದು ದೃಷ್ಟಿಯಿಂದ ಕಾರ್ಮಿಕನ ಮಿತ್ರ. ಚೌಕಾಶಿಗೆ ಅವಕಾಶವಿಲ್ಲದಂತೆ ಮಾಡಿದ್ದು ಅದೇ. ಆದರೆ ನೂಲುವವನ ತೋರುಬೆರಳೂ ಕಾವಲುಗಾರನ ತೋರುಬೆರಳೂ ಒಂದೇ ಎಂದು ಅದು ತಿಳಿಯುತ್ತದೆ. ಹರಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸೆದು ಕೂಡಿಸಬೇಕಾದ ಕೈಗೆ ಶೇ. 14 ಎಂಬುದು ಎಂಥ ಅಳತೆ ಎಂದು ನೇಕಾರ ಮನೆತನದವರಿಗೆ ಹೇಳಿಕೊಡಬೇಕಾಗಿಲ್ಲ.

ಆ ಕಾನೂನಿಗೆ ಎರಡು ದೊಡ್ಡ ಕೊರತೆಗಳಿದ್ದವು. ಪರಿಹಾರವನ್ನು ಮಾಲೀಕನೇ ಕೈಯಿಂದ ಕೊಡಬೇಕಾದ್ದರಿಂದ ಕೇಳುವವನು ಅವನ ಎದುರಾಳಿಯಾಗಬೇಕಿತ್ತು. ಮತ್ತೆ ಅವನಲ್ಲೇ ಕೆಲಸಕ್ಕೆ ಹೋಗಬೇಕಾದವನು ಹೇಗೆ ಎದುರಾಳಿಯಾಗಬಲ್ಲ? ಎರಡನೆಯದಾಗಿ, ಶಾಶ್ವತ ಅಂಗನಷ್ಟದ ಹಣ ಒಂದೇ ಗಂಟಾಗಿ ಬರುತ್ತಿತ್ತು. ಹಳೆಯ ಸಾಲ, ಮಗಳ ಮದುವೆ, ಒಂದು ಎಮ್ಮೆ, ಅಲ್ಲಿಗೆ ಮುಗಿಯಿತು. ಇವೆರಡಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಅದು ಅಪಘಾತದ ಕಾನೂನು. ಆಂಥ್ರಾಕ್ಸ್, ಸೀಸದ ವಿಷ, ರಂಜಕದ ವಿಷದಂಥ ಕೆಲವನ್ನು ಬಿಟ್ಟರೆ ಕಾಯಿಲೆಗೆ ಅದರಲ್ಲಿ ಜಾಗವಿರಲಿಲ್ಲ. ಕೊಯಮತ್ತೂರಿನ ಗಿರಣಿಗಳಲ್ಲಿ ಬೆರಳು ಕಳೆದುಕೊಂಡವರಿಗಿಂತ ಉಸಿರು ಕಳೆದುಕೊಂಡವರು ಹೆಚ್ಚು ಕಾಣದೆ ಉಳಿದರು. ಹತ್ತಿಯನ್ನು ಬಿಡಿಸುವ, ಹಿಂಜುವ ವಿಭಾಗಗಳಲ್ಲಿ ಧೂಳು ಮೋಡದಂತೆ ತೇಲುತ್ತದೆ. ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು, ಮಾರನೆಯ ದಿನ ಕಡಮೆಯಾಗುವುದು, ವರ್ಷಗಳು ಉರುಳಿದಂತೆ ವಾರವಿಡೀ ಬಿಗಿಯಾಗಿಯೇ ಉಳಿಯುವುದು, ಇದು ಬಿಸಿನೋಸಿಸ್ ಎಂಬ ಕಾಯಿಲೆಯ ನಡೆ. ಇಂದು ಅದು ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಆದರೆ ಬೀಡಿ ಸೇದುವವನ ಕೆಮ್ಮು, ಹಳೆಯ ಗೂರಲು, ಕ್ಷಯ, ಇವುಗಳಿಂದ ಅದನ್ನು ಬೇರ್ಪಡಿಸಿ ತೋರಿಸುವ ಹೊಣೆ ರೋಗಿಯ ಮೇಲೆ ಬಿದ್ದಾಗ ಪಟ್ಟಿಯಲ್ಲಿರುವುದಷ್ಟೇ ಸಾಲದು.

ಇಲ್ಲಿ ಕನ್ನಡ ನಾಡಿನ ಒಂದು ಉದಾಹರಣೆ ನೆನಪಾಗುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ಧೂಳು ಪುಪ್ಪುಸಕ್ಕೆ ಸೇರಿ ಬರುವ ಸಿಲಿಕೋಸಿಸ್ ರೋಗಕ್ಕೆ ಮೈಸೂರು ಸರ್ಕಾರ 1940ರಲ್ಲಿಯೇ ನಿಯಮಾವಳಿ ಮಾಡಿ ಪರಿಹಾರಕ್ಕೆ ದಾರಿ ತೆರೆಯಿತು. ಆ ಗಣಿಯಲ್ಲಿ ಇಳಿದು ದುಡಿದವರಲ್ಲಿ ಬಹುಮಂದಿ ತಮಿಳರು. ಕನ್ನಡ ನಾಡಿನಲ್ಲಿ ತಮಿಳರ ಉಸಿರಿಗೂ ತಮಿಳು ನಾಡಿನಲ್ಲಿ ಕನ್ನಡಿಗರ ಉಸಿರಿಗೂ ಧೂಳು ಭಾಷೆ ನೋಡಿ ಹೊಕ್ಕದ್ದಲ್ಲ.

ಕಾಯಿಲೆಗೂ ವಿಮೆ ಬೇಕೆಂಬ ಮಾತು 1931ರ ರಾಯಲ್ ಕಮಿಷನ್ನಿನ ವರದಿಯಿಂದ ಬಲಗೊಂಡಿತು. ಅದು ರೂಪ ತಳೆದದ್ದು ಮಹಾಯುದ್ಧದ ನಡುವೆ. 1943ರಲ್ಲಿ ಪ್ರೊ. ಬಿ. ಪಿ. ಅಡಾರ್ಕರ್ ಅವರಿಗೆ ಯೋಜನೆ ಸಿದ್ಧಪಡಿಸುವ ಕೆಲಸ ವಹಿಸಲಾಯಿತು. 1944ರಲ್ಲಿ ಅವರು ವರದಿ ಕೊಟ್ಟರು. ವೈಸರಾಯ್ ಕಾರ್ಯಕಾರಿ ಮಂಡಲಿಯಲ್ಲಿ ಆಗ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದವರು ಡಾ. ಬಿ. ಆರ್. ಅಂಬೇಡ್ಕರ್. ಜವಳಿ, ಇಂಜಿನಿಯರಿಂಗ್, ಖನಿಜ ಮತ್ತು ಲೋಹ ಎಂಬ ಮೂರು ಉದ್ಯಮಗಳಿಂದ ಆರಂಭಿಸಬೇಕೆಂಬುದು ಅಡಾರ್ಕರರ ಸಲಹೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರು ಅದನ್ನು ಪರಿಶೀಲಿಸಿ, ಅಪಘಾತ, ಕಾಯಿಲೆ, ಹೆರಿಗೆ ಮೂರನ್ನೂ ಒಂದೇ ವಿಮೆಯಡಿ ತರುವಂತೆ ಹೇಳಿದರು. 1948ರ ಏಪ್ರಿಲ್‌ನಲ್ಲಿ ನೌಕರರ ರಾಜ್ಯ ವಿಮಾ ಅಧಿನಿಯಮ ಸ್ವತಂತ್ರ ಭಾರತದ ಕಾನೂನಾಯಿತು. ನಮ್ಮ ಮನೆಗಳಲ್ಲಿ ಇ.ಎಸ್.ಐ. ಎಂದರೇ ಎಲ್ಲರಿಗೂ ಅರ್ಥವಾಗುವುದರಿಂದ ಮುಂದೆ ಹಾಗೆಯೇ ಬರೆಯುತ್ತೇನೆ.

1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. ಕಾನಪುರದ ಸಮಾರಂಭದಲ್ಲಿ ಪಂಡಿತ್ ನೆಹರೂ ಅವರೇ ಉದ್ಘಾಟಿಸಿದರು. ದಕ್ಷಿಣಕ್ಕೆ ಅದು ಬಂದದ್ದು 1955ರ ಜನವರಿ 23ರಂದು, ಬಂದದ್ದು ಕೊಯಮತ್ತೂರಿಗೆ. ಮದರಾಸು ನಗರಕ್ಕೆ ಅದೇ ವರ್ಷದ ಕೊನೆಯಲ್ಲಿ ಬಂತು, ಬೆಂಗಳೂರಿಗೆ 1958ರಲ್ಲಿ. ರಾಜಧಾನಿಗಿಂತ ಮೊದಲು ಈ ಊರಿಗೆ ಬಂದದ್ದು ಇಲ್ಲಿಯ ಗಿರಣಿಗಳ ಸಂಖ್ಯೆಗೂ ಕಾರ್ಮಿಕರ ಸಂಘಟನೆಗೂ ಸಂದ ಮನ್ನಣೆ ಎಂದೇ ನಾನು ತಿಳಿಯುತ್ತೇನೆ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಅಂದು ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಅಂದರೆ ಸುಮಾರು ಇಪ್ಪತ್ತೊಂದು ತಿಂಗಳು, ದಕ್ಷಿಣ ಭಾರತದ ಮೊದಲ ಇ.ಎಸ್.ಐ. ಜಿಲ್ಲೆಯ ನಿವಾಸಿಯಾಗಿದ್ದೂ ಕೊಳ್ಳೇಗಾಲದ ನೇಕಾರನಿಗೆ ಅದರಿಂದ ಒಂದು ಮಾತ್ರೆಯೂ ದಕ್ಕಲಿಲ್ಲ. ಕಾನೂನು ಹಿಡಿದದ್ದು ಕಾರ್ಖಾನೆಯನ್ನು, ವಿದ್ಯುತ್ತು ಬಳಸುವ, ಇಪ್ಪತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಯನ್ನು. ಮನೆಯ ಕುಣಿಮಗ್ಗ ಕಾರ್ಖಾನೆಯಲ್ಲ. ಕೊಯಮತ್ತೂರು ನಗರದ ದೇವಾಂಗ ಬೀದಿಯಲ್ಲೂ ಇದೇ ಕಥೆ: ಒಂದೇ ಮನೆಯ ಅಣ್ಣ ಗಿರಣಿಗೆ ಹೋಗಿದ್ದರೆ ವಿಮಾದಾರ, ತಮ್ಮ ಮಗ್ಗದಲ್ಲಿ ಉಳಿದಿದ್ದರೆ ಏನೂ ಅಲ್ಲ.

ವಿಮೆಯ ಒಳಗಿದ್ದವನಿಗೆ ಸಿಕ್ಕದ್ದು ಅಲ್ಪವೇನಲ್ಲ. ಆರಂಭದಲ್ಲಿ ಕಾಯಿಲೆಯ ಭತ್ಯೆ ವರ್ಷಕ್ಕೆ 56 ದಿನ, ಕೂಲಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇಂದು ಅದು ವರ್ಷಕ್ಕೆ 91 ದಿನ, ಕೂಲಿಯ ಶೇ. 70. ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ಅಶಕ್ತನಾದರೆ ಶೇ. 90, ಗುಣವಾಗುವವರೆಗೆ. ಶಾಶ್ವತ ಅಂಗನಷ್ಟಕ್ಕೆ ಹಳೆಯ ಕಾನೂನಿನ ಒಂಟಿ ಗಂಟಿನ ಬದಲು ಜೀವಮಾನವಿಡೀ ಬರುವ ತಿಂಗಳ ಹಣ. ವೈದ್ಯಕೀಯ ಮಂಡಳಿ ನಿರ್ಧರಿಸಿದ ಶೇಕಡಾವಾರಿಗೆ ತಕ್ಕಂತೆ ಅದು ಸಲ್ಲುತ್ತದೆ. ಒಪ್ಪದಿದ್ದರೆ ಮೇಲ್ಮನವಿಯ ನ್ಯಾಯಮಂಡಳಿ, ವಿಮಾ ನ್ಯಾಯಾಲಯ ಇವೆ. ಎಷ್ಟೋ ಕುಟುಂಬಗಳಿಗೆ ಇಂದಿಗೂ ಸರಿಯಾಗಿ ತಿಳಿಯದ ಎರಡು ಅಂಶಗಳನ್ನು ಇಲ್ಲಿ ಹೇಳಬೇಕು. ಕಾಯಿಲೆಯ ಭತ್ಯೆಗೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಬೇಕು. ಆದರೆ ಕೆಲಸದಲ್ಲಾದ ಗಾಯಕ್ಕೆ ಅಂಥ ಷರತ್ತಿಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಬೆರಳು ಹೋದರೂ ಹಕ್ಕು ಇದೆ. ಮತ್ತು ಶಾಶ್ವತ ಅಂಗನಷ್ಟದ ತಿಂಗಳ ಹಣ ಪಡೆಯುವವನು ಮತ್ತೆ ಕೆಲಸಕ್ಕೆ ಹೋದರೆ ಆ ಹಣ ನಿಲ್ಲುವುದಿಲ್ಲ. ಕೆಲಸ ಬೇಕೋ ಭತ್ಯೆ ಬೇಕೋ ಎಂದು ಆರಿಸಿಕೊಳ್ಳುವ ಇಕ್ಕಟ್ಟಿಗೆ ಈ ಕಾನೂನು ಗಾಯಾಳುವನ್ನು ತಳ್ಳಲಿಲ್ಲ. ಬರೆದವರ ವಿವೇಕಕ್ಕೆ ಇದೊಂದೇ ಸಾಕ್ಷಿ ಸಾಕು.

ಕ್ಷಯದ ಮಾತು ಬೇರೆ. ಬಿಸಿಯಾದ, ಮುಚ್ಚಿದ, ತೇವ ತುಂಬಿದ ನೂಲುವ ಕೋಣೆಗಳು, ಅದಕ್ಕಿಂತ ಇಕ್ಕಟ್ಟಾದ ವಠಾರಗಳು, ಇವುಗಳ ನಡುವೆ ಕ್ಷಯ ಗಿರಣಿ ಊರುಗಳ ಸಂಗಾತಿಯಾಗಿತ್ತು. ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದ ಪೆರುಂದುರೈಯ ಒಣ ಹವೆಯಲ್ಲಿ ರಾಮಲಿಂಗಂ ಕ್ಷಯ ಆರೋಗ್ಯಧಾಮವಿತ್ತು. ಅಲ್ಲಿಗೆ ಹೋಗುವುದೆಂದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆ ಬಿಟ್ಟು ಮಲಗುವುದು. 56 ದಿನಗಳ ಭತ್ಯೆ ಇಂಥ ಕಾಯಿಲೆಗೆ ಯಾವ ಮೂಲೆಗೆ? ಆದ್ದರಿಂದಲೇ ಕ್ಷಯದಂಥ ದೀರ್ಘ ರೋಗಗಳಿಗೆ ವಿಸ್ತೃತ ಕಾಯಿಲೆ ಭತ್ಯೆ ಬಂತು. ಇಂದು ಅದು 34 ರೋಗಗಳಿಗೆ ಅನ್ವಯಿಸುತ್ತದೆ, ಕೂಲಿಯ ಶೇ. 80ರಂತೆ ಎರಡು ವರ್ಷಗಳವರೆಗೂ ಮುಂದುವರಿಯಬಹುದು. ಕನಿಷ್ಠ ಎರಡು ವರ್ಷದ ವಿಮೆ ಇರಬೇಕೆಂಬುದು ಷರತ್ತು.

ಅದೇ ಕಾಲಕ್ಕೆ ವೈದ್ಯವಿಜ್ಞಾನವೂ ಕಾರ್ಮಿಕನ ಪರವಾಗಿ ತಿರುಗಿತು. ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ 1956ರಿಂದ ನಡೆದ ಪ್ರಯೋಗವು, ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಇಕ್ಕಟ್ಟಿನ ಮನೆಗಳಲ್ಲಿಯೂ ಇಟ್ಟು ಒಂದೇ ಔಷಧಿ ಕೊಟ್ಟಿತು. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು. ಔಷಧಿ ಸರಿಯಾಗಿ ತೆಗೆದುಕೊಂಡರೆ ಮನೆಯ ಚಿಕಿತ್ಸೆಯೂ ಆರೋಗ್ಯಧಾಮದ ಚಿಕಿತ್ಸೆಗೆ ಸರಿಸಮ, ಮನೆಯವರಿಗೆ ಸೋಂಕು ಹೆಚ್ಚುವುದೂ ಇಲ್ಲ ಎಂದು ಅದು ತೋರಿಸಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿ, 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ಅಡಿಪಾಯ ಹಾಕಿತು. ಆರೋಗ್ಯಧಾಮದ ಹಾಸಿಗೆಯಿಂದ ರೋಗಿಯನ್ನು ಬಿಡಿಸಿದ ಈ ಸಂಶೋಧನೆಯೇ ಅವನು ಬೇಗ ಕೆಲಸಕ್ಕೆ ಮರಳುವ ಸಾಧ್ಯತೆಯನ್ನೂ ತೆರೆಯಿತು.

ಆದರೆ ಗುಣವಾದವನನ್ನು ಗಿರಣಿ ಮರಳಿ ಸೇರಿಸಿಕೊಳ್ಳುತ್ತಿತ್ತೇ? ಇ.ಎಸ್.ಐ. ಕಾನೂನಿನ 73ನೆಯ ಸೆಕ್ಷನ್ ಇದಕ್ಕೆ ಒಂದು ಅಡ್ಡಗೋಡೆ ಕಟ್ಟಿದೆ. ಕಾಯಿಲೆಯ, ಹೆರಿಗೆಯ ಅಥವಾ ತಾತ್ಕಾಲಿಕ ಅಶಕ್ತತೆಯ ಭತ್ಯೆ ಪಡೆಯುತ್ತಿರುವ ಕಾಲದಲ್ಲಿ ಕಾರ್ಮಿಕನನ್ನು ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ. ಆದರೆ ಗೋಡೆಗೆ ಅಳತೆಯಿದೆ. ಸಾಮಾನ್ಯ ಕಾಯಿಲೆ ಆರು ತಿಂಗಳು ಮೀರಿದರೆ, ಕ್ಷಯ, ಕುಷ್ಠದಂಥವು ಹದಿನೆಂಟು ತಿಂಗಳು ಮೀರಿದರೆ ಸೇವಾ ನಿಯಮಗಳಿಗೆ ಒಳಪಟ್ಟು ಬಿಡುಗಡೆ ಮಾಡಲು ನಿಯಮಾವಳಿ ದಾರಿ ಬಿಡುತ್ತದೆ. ಅದಕ್ಕಿಂತ ಕಠೋರವಾದದ್ದು ಔದ್ಯೋಗಿಕ ವಿವಾದಗಳ ಅಧಿನಿಯಮದಲ್ಲಿತ್ತು. ಹೆಚ್ಚುವರಿ ಎಂದು ಕೆಲಸದಿಂದ ತೆಗೆದವನಿಗೆ ಅದು ಪರಿಹಾರ ಕೊಡಿಸುತ್ತದೆ. ಆದರೆ ನಿರಂತರ ಅನಾರೋಗ್ಯದ ಕಾರಣದಿಂದ ತೆಗೆದವನನ್ನು ಆ ವ್ಯಾಖ್ಯೆಯಿಂದಲೇ ಹೊರಗಿಡುತ್ತದೆ. ಕೆಲಸ ಕಡಮೆಯಾದದ್ದಕ್ಕೆ ಮನೆಗೆ ಹೋದವನಿಗೆ ಪರಿಹಾರ, ಅದೇ ಕೆಲಸ ಮಾಡಿ ಮಾಡಿ ಉಸಿರು ಕೆಟ್ಟು ಮನೆಗೆ ಹೋದವನಿಗೆ ಇಲ್ಲ. ಈ ಅನ್ಯಾಯದ ಬಗ್ಗೆ ನಮ್ಮ ಕಾರ್ಮಿಕ ಸಾಹಿತ್ಯದಲ್ಲಿ ಸಾಕಷ್ಟು ಚರ್ಚೆ ನಡೆದಿಲ್ಲವೆಂದು ನನಗನ್ನಿಸುತ್ತದೆ.

ವ್ಯವಹಾರದಲ್ಲಿ ಜಾಗವನ್ನು ಕಾದಿರಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಬದಲಿ ಪದ್ಧತಿ. ಗಿರಣಿಗಳಲ್ಲಿ ಕಾಯಂ ಕೆಲಸಗಾರರ ಜೊತೆಗೆ ಬದಲಿಗಳ ಒಂದು ಪಟ್ಟಿ ಇರುತ್ತಿತ್ತು. ಒಬ್ಬ ಮಲಗಿದರೆ ಅವನ ಯಂತ್ರದ ಮುಂದೆ ಬದಲಿಯವನು ನಿಲ್ಲುತ್ತಿದ್ದ. ಅವನು ಎದ್ದು ಬಂದರೆ ಬದಲಿಯವನು ಸರಿದು ನಿಲ್ಲುತ್ತಿದ್ದ. ಒಬ್ಬನ ಕಾಯಿಲೆಯೇ ಇನ್ನೊಬ್ಬನ ಅನ್ನ ಎಂಬ ಕಹಿ ಇದರಲ್ಲಿ ಇಲ್ಲದಿಲ್ಲ. ಆದರೂ ಇ.ಎಸ್.ಐ. ವೈದ್ಯರು ಕೊಡುವ ಮೂರು ಪ್ರಮಾಣಪತ್ರಗಳಲ್ಲಿ, ಅಂದರೆ ಮೊದಲನೆಯದು, ನಡುವಿನದು, ಅಂತಿಮದ್ದು ಎಂಬವುಗಳಲ್ಲಿ, ಆ ಅಂತಿಮ ಪತ್ರವನ್ನು ಹಿಡಿದು ಬಂದವನಿಗೆ ತನ್ನ ಹಳೆಯ ಯಂತ್ರ ಸಿಗುತ್ತಿತ್ತು. ಆ ಪತ್ರಕ್ಕೆ ಎರಡೇ ಉತ್ತರ: ಕೆಲಸಕ್ಕೆ ಅರ್ಹ, ಇಲ್ಲವೇ ಅನರ್ಹ. ಅರ್ಧ ಪಾಳಿ, ಹಗುರ ಕೆಲಸ, ಧೂಳಿಲ್ಲದ ವಿಭಾಗ ಎಂಬ ನಡುವಿನ ಮೆಟ್ಟಿಲುಗಳನ್ನು ಒದಗಿಸಲೇಬೇಕೆಂದು ಖಾಸಗಿ ಗಿರಣಿಯನ್ನು ಕಟ್ಟಿಹಾಕುವ ಕಾನೂನು ಇರಲಿಲ್ಲ. ಸಂಘ ಬಲವಾಗಿದ್ದಲ್ಲಿ, ಮೇಸ್ತ್ರಿಗೆ ಕರುಣೆಯಿದ್ದಲ್ಲಿ ಅದು ನಡೆಯುತ್ತಿತ್ತು.

1995ರ ಅಂಗವಿಕಲರ ಅಧಿನಿಯಮದ 47ನೆಯ ಸೆಕ್ಷನ್ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಹೊಂದಿದ ನೌಕರನನ್ನು ತೆಗೆಯುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. ಕುನಾಲ್ ಸಿಂಗ್ ಪ್ರಕರಣದಲ್ಲಿ 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ದೃಢವಾಗಿ ಎತ್ತಿಹಿಡಿಯಿತು. 2016ರ ಹೊಸ ಅಧಿನಿಯಮದ 20ನೆಯ ಸೆಕ್ಷನ್‌ನಲ್ಲಿಯೂ ಅದು ಮುಂದುವರಿದಿದೆ. ಆದರೆ ಈ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ. ಬಸ್ಸಿನ ಚಾಲಕನ ಕಣ್ಣು ಕೆಟ್ಟರೆ ಸರ್ಕಾರಿ ಸಾರಿಗೆ ಸಂಸ್ಥೆ ಅವನಿಗೆ ಬೇರೆ ಕೆಲಸ ಕೊಡಲೇಬೇಕು. ಪಕ್ಕದ ಖಾಸಗಿ ಗಿರಣಿಯ ಸಾಗಣೆ ಲಾರಿಯ ಚಾಲಕನಿಗೆ ಆ ಮಾತು ಅನ್ವಯಿಸುವುದಿಲ್ಲ. 1974ರಲ್ಲಿ ರಾಷ್ಟ್ರೀಕರಣಗೊಂಡು ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿದ ಪಂಕಜಾ, ಕಾಂಬೋಡಿಯಾ, ಮುರುಗನ್ ಮೊದಲಾದ ಕೊಯಮತ್ತೂರಿನ ಗಿರಣಿಗಳವರಿಗೆ ಅದು ಸಿಗಬಹುದಾಗಿತ್ತು. ಆದರೆ ಆ ಕಾನೂನು ಬರುವ ಹೊತ್ತಿಗೆ ಆ ಗಿರಣಿಗಳೇ ಕಾಯಿಲೆ ಬಿದ್ದಿದ್ದವು.

ಅಷ್ಟರಲ್ಲಿ ದುಡಿಮೆಯ ಭೂಪಟವೇ ಬದಲಾಗಿತ್ತು. ಬನಿಯನ್ನಿನ ಊರಾಗಿದ್ದ ತಿರುಪ್ಪೂರು ರಫ್ತಿನ ಊರಾಯಿತು. 2009ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ಗಿರಣಿಯಲ್ಲಿ ಒಂದೇ ಸೂರಿನಡಿ ನಡೆಯುತ್ತಿದ್ದ ಕೆಲಸ ಇಲ್ಲಿ ಚೂರುಚೂರಾಗಿ ಹಂಚಿಹೋಗಿದೆ. ಹೆಣೆಯುವುದು ಒಂದು ಕಡೆ, ಬಣ್ಣ ಹಾಕುವುದು ಇನ್ನೊಂದು ಕಡೆ, ಕತ್ತರಿಸಿ ಹೊಲಿಯುವುದು ಮತ್ತೊಂದು, ಗುಂಡಿ ಹಚ್ಚುವುದು, ಇಸ್ತ್ರಿ ಹಾಕುವುದು, ಪೊಟ್ಟಣ ಕಟ್ಟುವುದು ಬೇರೆಬೇರೆ. ತುಂಡಿಗಿಷ್ಟು ಎಂಬ ಕೂಲಿ, ನಡುವೆ ಗುತ್ತಿಗೆದಾರ. 1984ರ ದೀರ್ಘ ಮುಷ್ಕರ ತುಟ್ಟಿಭತ್ಯೆಗಾಗಿ ನಡೆದದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಇ.ಎಸ್.ಐ. ಕಾನೂನು ಈ ಚೂರುಗಳನ್ನು ಬೆನ್ನಟ್ಟಲು ಪ್ರಯತ್ನಿಸಿತು. 1989ರ ತಿದ್ದುಪಡಿಯಿಂದ ವಿದ್ಯುತ್ತು ಬಳಸುವ ಕಾರ್ಖಾನೆಗೆ ಇಪ್ಪತ್ತರ ಬದಲು ಹತ್ತು ಮಂದಿ ಸಾಕೆಂದಾಯಿತು. ಒಮ್ಮೆ ವ್ಯಾಪ್ತಿಗೆ ಬಂದ ಘಟಕದಲ್ಲಿ ಆಮೇಲೆ ಸಂಖ್ಯೆ ಕುಸಿದರೂ ಅದು ಹೊರಗೆ ಹೋಗುವಂತಿಲ್ಲ ಎಂದೂ ಸೇರಿತು. ಗುತ್ತಿಗೆದಾರನ ಕೈಕೆಳಗೆ ಇದ್ದವರ ವಂತಿಗೆಯನ್ನೂ ಮೊದಲು ಮುಖ್ಯ ಮಾಲೀಕನೇ ಕಟ್ಟಬೇಕು. ಆದರೂ ಒಂಬತ್ತು ಮಂದಿಯ ಘಟಕ ಹೊರಗೇ ಉಳಿಯುತ್ತದೆ. ಪಲ್ಲಡಂ, ಸೋಮನೂರು ಕಡೆಯ ವಿದ್ಯುತ್ ಮಗ್ಗದ ಕೊಟ್ಟಿಗೆಗಳ ಪಾಡೂ ಬಹುತೇಕ ಅದೇ. ತಿರುಪ್ಪೂರಿಗೆ ತನ್ನದೇ ಆದ ನೂರು ಹಾಸಿಗೆಗಳ ಇ.ಎಸ್.ಐ. ಆಸ್ಪತ್ರೆಗೆ ಶಂಕುಸ್ಥಾಪನೆಯಾದದ್ದು 2019ರ ಫೆಬ್ರವರಿ 10ರಂದು, ರಫ್ತಿನಲ್ಲಿ ಊರು ಹೆಸರಾಗಿ ದಶಕಗಳೇ ಕಳೆದ ಮೇಲೆ. ಅಲ್ಲಿಯವರೆಗೆ ಹಾಸಿಗೆ ಬೇಕಾದವರು ಕೊಯಮತ್ತೂರಿನ ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು.

ನೂಲಿನ ಗಿರಣಿಗಳಲ್ಲಿಯೂ ಹೊಸ ಪದ್ಧತಿ ಹುಟ್ಟಿತು. ಹಳ್ಳಿಗಳ ಹದಿಹರೆಯದ ಹುಡುಗಿಯರನ್ನು ವಸತಿಯಲ್ಲ್ಲಿರಿಸಿ ಮೂರು ವರ್ಷ ದುಡಿಸಿ, ಕೊನೆಗೆ ಮದುವೆಗಾಗುವಂತೆ ಒಂದು ಗಂಟು ಕೊಡುವ ಈ ಯೋಜನೆಗೆ ಸುಮಂಗಲಿ ಎಂಬ ಮಂಗಳಕರ ಹೆಸರು. ಮೂರು ವರ್ಷ ತುಂಬುವ ಮೊದಲೇ ಕಾಯಿಲೆ ಬಿದ್ದು ಮನೆಗೆ ಮರಳಿದ ಹುಡುಗಿಯರಿಗೆ ಆ ಗಂಟು ಕೈತಪ್ಪಿದ ಪ್ರಸಂಗಗಳನ್ನು ಕಾರ್ಮಿಕ ಹಕ್ಕುಗಳ ಸಂಘಟನೆಗಳ ವರದಿಗಳು ಮತ್ತೆ ಮತ್ತೆ ದಾಖಲಿಸಿವೆ. ಕೂಲಿಯ ಒಂದು ಭಾಗವನ್ನು ಕೊನೆಯ ದಿನಕ್ಕೆ ಕಟ್ಟಿಹಾಕಿದರೆ ಕಾಯಿಲೆಯೇ ದಂಡವಾಗುತ್ತದೆ. ಹುಡುಗಿ ನೋವನ್ನು ಬಚ್ಚಿಟ್ಟು ಯಂತ್ರದ ಮುಂದೆ ನಿಲ್ಲುವುದು ಆಗ ಆಶ್ಚರ್ಯವಲ್ಲ.

ಇನ್ನು ಮಗ್ಗದ ಮನೆಗೆ ಮರಳೋಣ. 1935ರಲ್ಲಿ ಆರಂಭವಾದ, ನಾವು ಕೋ-ಆಪ್‌ಟೆಕ್ಸ್ ಎಂದು ಕರೆಯುವ ಸಂಸ್ಥೆಯೂ ಸಹಕಾರ ಸಂಘಗಳೂ ನೇಕಾರನಿಗೆ ನೂಲನ್ನೂ ಮಾರುಕಟ್ಟೆಯನ್ನೂ ಒದಗಿಸಿದವು. ಕಾಯಿಲೆಯ ದಿನದ ಕೂಲಿಯನ್ನಲ್ಲ. ಕೇಂದ್ರ ಸರ್ಕಾರ ತಂದ ಮಹಾತ್ಮಾ ಗಾಂಧಿ ಬುನ್‌ಕರ್ ಬೀಮಾ ಯೋಜನೆಯಲ್ಲಿ ಸಹಜ ಮರಣಕ್ಕೆ 60,000 ರೂಪಾಯಿ, ಅಪಘಾತದಿಂದ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 1,50,000, ಭಾಗಶಃ ವೈಕಲ್ಯಕ್ಕೆ 75,000 ಎಂದಿತ್ತು. 2005ರ ಸುಮಾರಿಗೆ ಬಂದ ನೇಕಾರರ ಆರೋಗ್ಯ ವಿಮೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 15,000 ರೂಪಾಯಿವರೆಗಿನ ಚಿಕಿತ್ಸೆ. 2009ರಿಂದ ತಮಿಳುನಾಡು ಸರ್ಕಾರದ ಆರೋಗ್ಯ ವಿಮೆ ದೊಡ್ಡ ಶಸ್ತ್ರಚಿಕಿತ್ಸೆಗಳ ಖರ್ಚನ್ನು ಹೊತ್ತಿದೆ. ಇವು ಬಡವನ ಪ್ರಾಣ ಉಳಿಸಿವೆ, ಅದನ್ನು ಕಡೆಗಣಿಸುವುದು ಸಲ್ಲ. ಆದರೆ ಆಸ್ಪತ್ರೆಯ ಖರ್ಚು ಬೇರೆ, ನಿಂತುಹೋದ ಕೂಲಿ ಬೇರೆ. ಹೃದಯದ ಶಸ್ತ್ರಚಿಕಿತ್ಸೆ ಉಚಿತವಾಗಿ ಮುಗಿಸಿಕೊಂಡು ಮನೆಗೆ ಬಂದ ನೇಕಾರನಿಗೆ ಮುಂದಿನ ಮೂರು ತಿಂಗಳು ಕುಣಿಗೆ ಇಳಿಯಬೇಡ ಎಂದು ವೈದ್ಯರು ಹೇಳುತ್ತಾರೆ. ಆ ಮೂರು ತಿಂಗಳ ಅಕ್ಕಿಯ ಮಾತು ಯಾವ ಯೋಜನೆಯ ಕಾಗದದಲ್ಲಿಯೂ ಇಲ್ಲ. ಇ.ಎಸ್.ಐ. ಮಾತ್ರವೇ ಆ ಎರಡನೆಯದನ್ನೂ ಕೊಟ್ಟದ್ದು, ಮತ್ತು ಅದು ಮಗ್ಗದ ಮನೆಗೆ ಬರಲೇ ಇಲ್ಲ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಸಾಮಾಜಿಕ ಭದ್ರತಾ ಸಂಹಿತೆ ಇ.ಎಸ್.ಐ. ಕಾನೂನನ್ನೂ 1923ರ ಪರಿಹಾರ ಕಾನೂನನ್ನೂ ಒಂದೇ ಹೊತ್ತಿಗೆಯಲ್ಲಿ ಸೇರಿಸಿದೆ. ಅಸಂಘಟಿತ ಕಾರ್ಮಿಕರಿಗೆ ಇ.ಎಸ್.ಐ. ಸೌಲಭ್ಯ ಕೊಡುವ ಯೋಜನೆಯನ್ನು ರೂಪಿಸಬಹುದು ಎಂದೂ ಹೇಳುತ್ತದೆ. ರೂಪಿಸಬಹುದು ಎಂಬುದಕ್ಕೂ ರೂಪಿಸಬೇಕು ಎಂಬುದಕ್ಕೂ ಇರುವ ಅಂತರ ಕಾನೂನು ಬಲ್ಲವರಿಗೆ ತಿಳಿದದ್ದೇ.

ನಮ್ಮ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ತಾತನ ಇ.ಎಸ್.ಐ. ಗುರುತಿನ ಚೀಟಿ, ವೈದ್ಯಕೀಯ ಮಂಡಳಿ ಶೇಕಡಾವಾರು ಬರೆದುಕೊಟ್ಟ ಕಾಗದ, ಸಹಕಾರ ಸಂಘದ ನೂಲಿನ ಪುಸ್ತಕ ಇಂದಿಗೂ ಇರಬಹುದು. ಅವು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದರಿಂದ ಕನ್ನಡದ ದಾಖಲೆಗಳಲ್ಲವೆಂದು ನಾವು ಅವನ್ನು ಎಣಿಸಿಯೇ ಇಲ್ಲ. ಗಿರಣಿಯ ಒಡೆತನದ ಚರಿತ್ರೆಗೆ ಕಂಪನಿಯ ಲೆಕ್ಕಪತ್ರಗಳಿವೆ. ಗಿರಣಿಯಲ್ಲಿ ಬೆರಳು ಬಿಟ್ಟುಬಂದ ನಮ್ಮವರ ಚರಿತ್ರೆಗೆ ಇರುವುದು ಆ ಮಡಿಸಿದ ಕಾಗದಗಳಷ್ಟೆ, ಮತ್ತು ಈಗ ಎಂಬತ್ತು ದಾಟಿರುವ ಕೆಲವರ ನೆನಪು.